ಕಾಲು ಬಂದ ಕಮೋಡ್: ಹಳೇ ಶೈಲಿಯ ಶೂಟರ್‌ನಲ್ಲಿ ನಗಿಸೋ ರಾಕ್ಷಸನನ್ನು ಕಟ್ಟೋದು

ಪರದೆ ಮೇಲೆ ಓಡಿ ಬರ್ತಿರೋದು ಎರಡು ಕಾಲಿನ ಕಮೋಡ್. ಮುಚ್ಚಳ ಎತ್ತಿ ಉಗುಳುತ್ತೆ, ಏಟು ಬಿದ್ದರೆ ಗೊರಗೊರ ಅನ್ನುತ್ತೆ, ಸಾಯುವಾಗ ಫ್ಲಶ್ ಆಗುತ್ತೆ. ನಮ್ಮ ಹೀರೋ ಕೈಯಲ್ಲಿ ಟಾಯ್ಲೆಟ್ ಬ್ರಷ್. ಇಂಥ ಪೋಲಿ ಹಾಸ್ಯದ ಶೂಟರ್ (ಗುಂಡು ಹಾರಿಸೋ ವಿಡಿಯೋ ಗೇಮ್) ಮಾಡೋರು ಸಾಮಾನ್ಯವಾಗಿ ಎಡವೋದು ಜೋಕ್‌ನಲ್ಲಲ್ಲ, ಲೆಕ್ಕದಲ್ಲಿ. ಚಿತ್ರ ಎಷ್ಟು ಒರಟಾಗಿದ್ದರೂ ನಡೆಯುತ್ತೆ. ಅಳತೆ ಮತ್ತು ಟೈಮಿಂಗ್ ಒರಟಾದರೆ ಆಟಗಾರ ನಗೋದಿಲ್ಲ, ರೇಗ್ತಾನೆ.

ಬೇಕಾಗಿರೋದು ಮೂರು ಸಾಫ್ಟ್‌ವೇರ್, ಮೂರೂ ಉಚಿತ. ಆಟ ಓಡಿಸೋಕೆ ಜೀಝಡ್‌ಡೂಮ್ ಎಂಜಿನ್, ಚಿತ್ರ ಮತ್ತು ಶಬ್ದ ಜೋಡಿಸೋಕೆ ಸ್ಲೇಡ್, ಮ್ಯಾಪ್ ಬರೆಯೋಕೆ ಅಲ್ಟಿಮೇಟ್ ಡೂಮ್ ಬಿಲ್ಡರ್. 1993ರ ಡೂಮ್ ಅನ್ನೋ ಶೂಟರ್‌ನ ಸೋರ್ಸ್ ಕೋಡನ್ನು ಅದನ್ನು ಮಾಡಿದ ಕಂಪನಿ ಐಡಿ ಸಾಫ್ಟ್‌ವೇರ್ 1997ರಲ್ಲಿ ಹೊರಗೆ ಬಿಟ್ಟಿದ್ದರಿಂದಲೇ ಇದೆಲ್ಲ ಸಾಧ್ಯ ಆಗಿರೋದು. ಆದರೆ ಎಂಜಿನ್ ಮುಕ್ತವಾಗಿದೆ ಅಂತ ಡೂಮ್‌ನ ಚಿತ್ರ, ಸದ್ದುಗಳನ್ನೂ ನಿಮ್ಮ ಆಟದ ಜೊತೆ ಹಂಚೋ ಹಾಗಿಲ್ಲ. ಅದಕ್ಕೆ ಫ್ರೀಡೂಮ್ ಅನ್ನೋ, ಮುಕ್ತವಾಗಿ ಹಂಚಬಹುದಾದ ಚಿತ್ರ, ಸದ್ದುಗಳ ಸಂಗ್ರಹ ಇದೆ, ಅದನ್ನು ತಳಪಾಯವಾಗಿ ಇಟ್ಟುಕೊಳ್ಳಿ.

ಮೊದಲು ಚಿತ್ರ. ಡೂಮ್‌ನ ಕೆಲವು ರಾಕ್ಷಸರು ಜೇಡಿಮಣ್ಣಿನ ಗೊಂಬೆಗಳು. ಅವನ್ನು ತಿರುಗಿಸುತ್ತಾ ಕ್ಯಾಮೆರಾದಲ್ಲಿ ಹಿಡಿದು ಕಂಪ್ಯೂಟರ್‌ಗೆ ಹಾಕಿದ್ದರು. ಕೋವಿಗಳಲ್ಲಿ ಆಟಿಕೆಗಳೂ ಇದ್ದವು. ನೀವೂ ಹಾಗೇ ಮಾಡಿ, ಆ ಒರಟು ಚೆಂದ ಬ್ರಷ್ ಹಿಡಿದು ಬಿಡಿಸಿದರೆ ಅಷ್ಟು ಸುಲಭಕ್ಕೆ ಬರಲ್ಲ. ಒಂದೊಂದು ಭಂಗಿಗೂ ಎಂಟು ದಿಕ್ಕಿನ ಚಿತ್ರ ಬೇಕು, ಆದರೆ ತೆಗೆಯಬೇಕಾದದ್ದು ಐದೇ. ಎದುರು, ಬೆನ್ನು, ಒಂದು ಬದಿಯ ಮೂರು. ಇನ್ನೊಂದು ಬದಿಯ ಮೂರನ್ನು ಎಂಜಿನ್ ಕನ್ನಡಿ ಹಿಡಿದ ಹಾಗೆ ತಿರುಗಿಸಿಕೊಳ್ಳುತ್ತೆ. ಫೈಲ್ ಹೆಸರಿನ ಕೊನೆಯಲ್ಲಿ ಎ2ಎ8 ಅಂತ ಇದ್ದರೆ ಒಂದೇ ಚಿತ್ರ ಎರಡೂ ಕಡೆಗೆ ಅಂತ ಅರ್ಥ. ಇಲ್ಲೇ ನಮ್ಮ ಕಮೋಡ್‌ಗೆ ತೊಂದರೆ. ಫ್ಲಶ್ ಹಿಡಿಕೆ ಎಡಗಡೆ ಇಟ್ಟಿರಿ ಅಂದುಕೊಳ್ಳಿ, ರಾಕ್ಷಸ ತಿರುಗಿದ ತಕ್ಷಣ ಹಿಡಿಕೆ ಬಲಕ್ಕೆ ಜಿಗಿಯುತ್ತೆ. ಹಿಡಿಕೆಯನ್ನು ಟ್ಯಾಂಕಿನ ನಡುಮಧ್ಯಕ್ಕೆ ತನ್ನಿ, ಇಲ್ಲವಾದರೆ ಎಂಟನ್ನೂ ಬೇರೆ ಬೇರೆ ತೆಗೆಯಿರಿ.

ಸ್ಲೇಡ್‌ಗೆ ಹಾಕೋ ಮೊದಲು ಅಂಚಿನ ಅರೆಪಾರದರ್ಶಕ ಪಿಕ್ಸೆಲ್‌ಗಳನ್ನು ಪೂರ್ತಿ ಅಳಿಸಿಬಿಡಿ. 256 ಬಣ್ಣದ ಪ್ಯಾಲೆಟ್‌ಗೆ ಇಳಿಸಿದಾಗ ಕೊಳಕು ಗೆರೆ ಬರೋದು ಅವುಗಳಿಂದಲೇ. ಆಮೇಲೆ ಆಫ್‌ಸೆಟ್, ಅಂದರೆ ಚಿತ್ರದ ಯಾವ ಬಿಂದು ರಾಕ್ಷಸ ನಿಂತ ಜಾಗಕ್ಕೆ ಕೂರಬೇಕು ಅಂತ ಹೇಳೋ ಅಂಕಿಗಳು. ಅದು 0, 0 ಆಗಿಯೇ ಉಳಿದರೆ ಕಮೋಡ್ ನೆಲದೊಳಗೆ ಹೂತು, ಪಕ್ಕಕ್ಕೆ ಸರಿದು ನಿಲ್ಲುತ್ತೆ. ಸ್ಲೇಡ್‌ನಲ್ಲಿ ಆಫ್‌ಸೆಟ್ ಬಗೆಯನ್ನು ಮಾನ್‌ಸ್ಟರ್ ಅಂತ ಆರಿಸಿದರೆ ಸಾಕು.

ಈಗ ಅಳತೆ. ಡೂಮ್‌ನ ಇಂಪ್ ಅನ್ನೋ ರಾಕ್ಷಸನನ್ನೇ ಮಾದರಿ ಮಾಡಿಕೊಳ್ಳೋಣ (ಅಳತೆ ಆಟದ ಯೂನಿಟ್‌ಗಳಲ್ಲಿ): ತ್ರಿಜ್ಯ 20, ಎತ್ತರ 56, ಜೀವ 60. ನಿಮ್ಮ ಕಮೋಡ್ ಚಿತ್ರ 96 ಎತ್ತರ ಇದ್ದು ಕೋಡ್‌ನಲ್ಲಿ 56 ಅಂತಲೇ ಉಳಿದರೆ, ಮುಚ್ಚಳಕ್ಕೆ ಹೊಡೆದ ಗುಂಡು ಗಾಳಿಯಲ್ಲಿ ಹೋದ ಹಾಗೆ ಹಾದು ಹೋಗುತ್ತೆ. ದಪ್ಪ ಕಾಣಲಿ ಅಂತ ತ್ರಿಜ್ಯ 36 ಕೊಟ್ಟರೆ ಅಗಲ 72 ಆಯ್ತು. 64 ಅಗಲದ ಬಾಗಿಲಲ್ಲಿ ಅದು ತೂರೋದೇ ಇಲ್ಲ.

ಟೈಮಿಂಗ್‌ಗೆ ಬರೋಣ, ನನ್ನ ಪ್ರಕಾರ ಜೋಕ್‌ನ ಜೀವ ಇರೋದೇ ಇಲ್ಲಿ. ಈ ಎಂಜಿನ್ ಸಮಯವನ್ನು ಟಿಕ್ ಅನ್ನೋ ಚೂರುಗಳಲ್ಲಿ ಅಳೆಯುತ್ತೆ, ಸೆಕೆಂಡಿಗೆ 35 ಟಿಕ್. ಇಂಪ್ ಬೆಂಕಿಯುಂಡೆ ಎಸೆಯೋ ಮೊದಲು 8 ಟಿಕ್‌ನ ಎರಡು ಭಂಗಿ ತೋರಿಸುತ್ತೆ, ಒಟ್ಟು 16 ಟಿಕ್, ಹತ್ತಿರ ಹತ್ತಿರ ಅರ್ಧ ಸೆಕೆಂಡ್. ಮುಚ್ಚಳ ಏಳಬೇಕಾದದ್ದು ಆ ಅರ್ಧ ಸೆಕೆಂಡಿನಲ್ಲಿ. ದಿಢೀರ್ ಅಂತ ಉಗುಳಲಿ ಅಂತ ಅದನ್ನು 4 ಟಿಕ್‌ಗೆ ಇಳಿಸಿದಿರೋ, ಮುಚ್ಚಳ ಎದ್ದದ್ದು ಯಾರ ಕಣ್ಣಿಗೂ ಬೀಳಲ್ಲ. ಆಟಗಾರನಿಗೆ ಗೊತ್ತಾಗೋದು ತನ್ನ ಜೀವ ಕಡಿಮೆಯಾಗಿದ್ದು ಮಾತ್ರ.

ಸಾವಿನ ದೃಶ್ಯದಲ್ಲಿ ಇನ್ನೊಂದು ಮೋಸ ಅಡಗಿದೆ. ಚೂರುಚೂರಾಗಿ ಸಿಡಿಯೋ ಸಾವಿಗೆ ಎಕ್ಸ್‌ಡೆತ್ ಅಂತಾರೆ. ಇಂಪ್‌ಗೆ ಅದು ಸರಿಯಾಗಿ 35 ಟಿಕ್, ಅಂದರೆ ಒಂದು ಸೆಕೆಂಡ್. ಎಲ್ಲರೂ ತಮ್ಮ ಅತ್ಯುತ್ತಮ ಜೋಕನ್ನು ಇಲ್ಲೇ ಇಡ್ತಾರೆ, ಆಮೇಲೆ ಅದು ಕಾಣಿಸ್ತಾನೇ ಇಲ್ಲ ಅಂತ ತಲೆ ಕೆಡಿಸಿಕೊಳ್ತಾರೆ. ಕಾರಣ ಹೀಗಿದೆ. ಎಕ್ಸ್‌ಡೆತ್ ಆಗಬೇಕಾದರೆ ಜೀವ ಮೈನಸ್ 60ಕ್ಕಿಂತ ಕೆಳಗೆ ಇಳಿಯಬೇಕು. ಸೂಪರ್ ಶಾಟ್‌ಗನ್ 20 ಚರೆ ಹಾರಿಸುತ್ತೆ, ಆದರೆ ಒಂದೊಂದು ಚರೆಯ ಪೆಟ್ಟೂ 5ರಿಂದ 15, ಬೇರೆ ಬೇರೆಯಾಗಿ ಲೆಕ್ಕ. ಜೀವ ಸೊನ್ನೆ ದಾಟಿದ ಕೂಡಲೇ ಅದು ಹೆಣ. ಉಳಿದ ಚರೆಗಳು ಹೆಣಕ್ಕೆ ತಾಗೋದಿಲ್ಲ. ಹಾಗಾಗಿ ಮೈನಸ್ 60 ಮುಟ್ಟೋ ಮಾತೇ ಇಲ್ಲ. ಒಂದೇ ಏಟಿಗೆ ಹೆಚ್ಚು ಪೆಟ್ಟು ಕೊಡೋ ರಾಕೆಟ್‌ನಂಥ ಆಯುಧ ಬೇಕು. ಇಲ್ಲವಾದರೆ ಜೀಝಡ್‌ಡೂಮ್‌ನ ಕೋಡ್ ಭಾಷೆ ಝಡ್‌ಸ್ಕ್ರಿಪ್ಟ್‌ನಲ್ಲಿ ರಾಕ್ಷಸನಿಗೆ ಗಿಬ್‌ಹೆಲ್ತ್ ಅನ್ನೋ ಸಂಖ್ಯೆಯನ್ನು ಇಳಿಸಿ, ಸಿಡಿಯೋ ಮಿತಿ ಸೊನ್ನೆಗೆ ಹತ್ತಿರ ಬರುತ್ತೆ. ನಮ್ಮ ಟಾಯ್ಲೆಟ್ ಬ್ರಷ್‌ಗೆ ಮೂರನೇ ದಾರಿ ಹೊಂದುತ್ತೆ: ಏಟು ಬಿದ್ದ ಜಾಗದಲ್ಲಿ ಹುಟ್ಟೋ ಸಣ್ಣ ಹೊಗೆಗೆ (ಪಫ್) ಎಕ್ಸ್‌ಟ್ರೀಮ್‌ಡೆತ್ ಅನ್ನೋ ಗುರುತು (ಫ್ಲ್ಯಾಗ್) ಹಾಕಿ. ಬ್ರಷ್‌ನಿಂದ ಸತ್ತ ಕಮೋಡ್ ಪ್ರತಿ ಸಲವೂ ಸಿಡಿಯುತ್ತೆ, ಹತ್ತಿರ ಹೋಗಿ ಹೊಡೆಯೋ ಧೈರ್ಯಕ್ಕೆ ಒಳ್ಳೇ ಬಹುಮಾನ.

ಸದ್ದು. ಉದ್ದದ ಡೈಲಾಗ್‌ಗಳನ್ನು ನೋವಿನ ಸದ್ದಿಗೆ ಹಾಕಲೇಬೇಡಿ. ಇಂಪ್‌ನ ಪೇನ್‌ಚಾನ್ಸ್, ಅಂದರೆ ಏಟಿಗೆ ನೋವು ತೋರಿಸೋ ಸಾಧ್ಯತೆ, 256ಕ್ಕೆ 200. ನಾಲ್ಕು ಏಟು ಬಿದ್ದರೆ ಸರಾಸರಿ ಮೂರಕ್ಕೆ ಕಿರುಚುತ್ತೆ. ಎರಡು ಸೆಕೆಂಡಿನ ಜೋಕ್ ಮತ್ತೆ ಮತ್ತೆ ಮೊದಲಿಂದ ಶುರುವಾದರೆ ಕಿವಿಗೆ ಹಿಂಸೆ. ನೋವಿಗೆ ಅರ್ಧ ಸೆಕೆಂಡಿನ ಗೊರಗೊರ ಸಾಕು. ಡೈಲಾಗ್ ಇರಬೇಕಾದದ್ದು ಕಮೋಡ್ ಆಟಗಾರನನ್ನು ಮೊದಲು ಕಂಡ ಗಳಿಗೆಗೆ. ಸೌಂಡ್‌ಇನ್ಫೋ ಫೈಲ್‌ನಲ್ಲಿ ರ‍್ಯಾಂಡಮ್ ಆಜ್ಞೆ ಬಳಸಿ ಐದಾರು ಸದ್ದುಗಳನ್ನು ಒಂದೇ ಹೆಸರಿಗೆ ಕಟ್ಟಿ, ಒಂದೊಂದು ಸಲ ಒಂದೊಂದು ಬರುತ್ತೆ.

ಮ್ಯಾಪ್ ಬಗ್ಗೆ ಎರಡೇ ಮಾತು. ವಿಚಿತ್ರ ಜಾಗ ಬೇಕಿದ್ದರೆ ಲೈನ್ ಪೋರ್ಟಲ್ ಬಳಸಿ, ಅದು ಮ್ಯಾಪ್‌ನಲ್ಲಿ ದೂರ ಇರೋ ಎರಡು ಗೆರೆಗಳನ್ನು ಒಂದೇ ಬಾಗಿಲಿನ ಹಾಗೆ ಜೋಡಿಸುತ್ತೆ. ಸಣ್ಣ ಶೌಚಾಲಯದ ಬಾಗಿಲು ದಾಟಿದರೆ ದೊಡ್ಡ ಅರಮನೆ ತೆರೆದುಕೊಳ್ಳಬಹುದು. ಜೋಡಿಸೋ ಎರಡು ಗೆರೆಗಳ ಉದ್ದ ಮಾತ್ರ ಒಂದೇ ಇರಲಿ.

ಇನ್ನು ಗೋಡೆ ಬರಹದ ಜೋಕ್‌ಗಳು. ಡೂಮ್ ಹೀರೋ ಸೆಕೆಂಡಿಗೆ ಸುಮಾರು 580 ಯೂನಿಟ್ ಓಡ್ತಾನೆ. 512 ಉದ್ದದ ಓಣಿಯಲ್ಲಿ ಪೋಸ್ಟರ್ ಹಚ್ಚಿದರೆ ಒಂದು ಸೆಕೆಂಡಿನೊಳಗೆ ಅದು ಬೆನ್ನ ಹಿಂದೆ. ಪೋಸ್ಟರನ್ನು ಲಿಫ್ಟ್ ಇಳಿಯೋ ಹಳ್ಳದ ಗೋಡೆಗೆ ಹಚ್ಚಿ. ಕೆಳಗಿಳಿದ ಲಿಫ್ಟ್ ಮೇಲೇಳೋ ಮೊದಲು 3 ಸೆಕೆಂಡ್ ನಿಲ್ಲುತ್ತೆ, ಆಟಗಾರ ಬೇರೆಲ್ಲೂ ಹೋಗೋ ಹಾಗಿಲ್ಲ. ಅಕ್ಷರಗಳು ದಪ್ಪಗಿರಲಿ, ಎರಡು ಸಾಲು ಮೀರದಿರಲಿ.