ಹುಟ್ಟುಹಬ್ಬ ಮರೆತದ್ದೇ ಒಂದು ಸಿನಿಮಾ: ಹಳೆಯ ಟೀನ್ ಕಾಮಿಡಿಗಳು ಇನ್ನೂ ಯಾಕೆ ಓಡುತ್ತವೆ?

[ಪರದೆ: ಕ್ಯಾಲೆಂಡರ್. ಒಂದು ತಾರೀಕಿನ ಸುತ್ತ ಕೆಂಪು ಗೆರೆ.]

ಒಬ್ಬ ಹುಡುಗಿಗೆ ಇವತ್ತು 16 ತುಂಬಿದೆ. ನಾಳೆ ಅಕ್ಕನ ಮದುವೆ. ಆ ಗಡಿಬಿಡಿಯಲ್ಲಿ ಮನೆಯವರೆಲ್ಲ ಇವಳ ಹುಟ್ಟುಹಬ್ಬವನ್ನೇ ಮರೆತಿದ್ದಾರೆ.

1984ರ 'ಸಿಕ್ಸ್‌ಟೀನ್ ಕ್ಯಾಂಡಲ್ಸ್' ಕಥೆಗೆ ಇಷ್ಟೇ ಬಂಡವಾಳ. ಕೊಲೆ ಇಲ್ಲ, ಲೋಕವೇನೂ ಮುಳುಗುವುದಿಲ್ಲ. ಆದರೂ ಅಮೆರಿಕದ ಇಂಥ ಹಳೆಯ ಟೀನ್ ಕಾಮಿಡಿಗಳನ್ನು ಜನ ಇವತ್ತಿಗೂ ಹುಡುಕಿ ನೋಡುತ್ತಾರೆ. ಹಳೆಯ ನೆನಪು ಅಂತ ಹೇಳಿ ಮುಗಿಸಬಹುದು. ಆದರೆ ಆಗಿನ್ನೂ ಹುಟ್ಟದೇ ಇದ್ದವರೂ ನೋಡುತ್ತಾರಲ್ಲ, ಅವರಿಗೆ ಯಾವ ನೆನಪು?

ನನಗೆ ಕಾಣುವ ಕಾರಣ ಬೇರೆ. ಹದಿನಾರರ ವಯಸ್ಸಿಗೆ ಒಂದು ಸಂಕಟ ಎಷ್ಟು ದೊಡ್ಡದೋ, ಈ ಸಿನಿಮಾಗಳು ಅದನ್ನು ಅಷ್ಟೇ ದೊಡ್ಡದಾಗಿ ತೋರಿಸುತ್ತವೆ. ದೊಡ್ಡವರ ಹಾಗೆ 'ಅಯ್ಯೋ, ಇಷ್ಟಕ್ಕೆಲ್ಲ ಅಳ್ತಾರಾ' ಅನ್ನುವುದಿಲ್ಲ. ನಾವು ನಗುತ್ತೇವೆ ನಿಜ. ಆದರೆ ಅವಳ ಪಕ್ಷದಲ್ಲಿ ಕೂತು ನಗುತ್ತೇವೆ.

[ಪರದೆ: ಲೈಬ್ರರಿಯ ಚಿತ್ರ, ದೂರ ದೂರ ಕೂತ ಐವರು.]

ಅದೇ ನಿರ್ದೇಶಕ ಜಾನ್ ಹ್ಯೂಸ್ ಮರುವರ್ಷ 'ದಿ ಬ್ರೇಕ್‌ಫಾಸ್ಟ್ ಕ್ಲಬ್' ಮಾಡಿದರು. ಶನಿವಾರ ಇಡೀ ದಿನ ಶಾಲೆಯಲ್ಲಿ ಕೂರುವ ಶಿಕ್ಷೆ, ಐದು ಮಕ್ಕಳು, ಹೆಚ್ಚುಕಡಿಮೆ ಒಂದೇ ಕೋಣೆ. ಮುಚ್ಚಿಹೋಗಿದ್ದ ಒಂದು ಶಾಲೆಯ ಜಿಮ್‌ನಲ್ಲಿ ಆ ಲೈಬ್ರರಿಯ ಸೆಟ್ ಹಾಕಿದ್ದರು. ಎದ್ದು ಹೋಗುವಂತಿಲ್ಲ, ಮಾತಾಡದೆ ಬೇರೆ ದಾರಿಯಿಲ್ಲ. ಬೆಳಗ್ಗೆ ಒಬ್ಬರ ಮುಖ ಒಬ್ಬರು ನೋಡದವರು ಸಂಜೆಯ ಹೊತ್ತಿಗೆ ಮನೆಯ ಗುಟ್ಟು ಹೇಳಿಕೊಳ್ಳುತ್ತಾರೆ.

ಆಗ ಓದುವ ಹುಡುಗ ಕೇಳುತ್ತಾನೆ: ಸೋಮವಾರ ಎದುರಿಗೆ ಸಿಕ್ಕರೆ ನಾವು ಮಾತಾಡ್ತೀವಾ? ಶ್ರೀಮಂತ ಹುಡುಗಿ ಇಲ್ಲ ಅನ್ನುತ್ತಾಳೆ. ಉಳಿದವರಿಗೆ ಸಿಟ್ಟು ಬರುತ್ತದೆ, ಆದರೆ ಅವಳು ಹೇಳಿದ್ದು ಸುಳ್ಳು ಅಂತ ಎದೆ ತಟ್ಟಿ ಹೇಳಲು ಯಾರಿಗೂ ಆಗುವುದಿಲ್ಲ. ಸಿನಿಮಾ ಸೋಮವಾರವನ್ನು ತೋರಿಸುವುದೂ ಇಲ್ಲ. ಹಗುರ ಸಿನಿಮಾ ಅಂತ ಕರೆಯುವವರು ಈ ಒಂದು ದೃಶ್ಯ ನೋಡಬೇಕು.

[ಪರದೆ: ಹಳೆಯ ಇಂಗ್ಲಿಷ್ ಹಳ್ಳಿ, ನಿಧಾನವಾಗಿ ಶಾಲೆಯ ಕ್ಯಾಂಟೀನ್ ಆಗುತ್ತದೆ.]

ಶಾಲೆ ಅಂದರೆ ಒಂದು ಸಣ್ಣ ಮುಚ್ಚಿದ ಲೋಕ. ಯಾರು ಯಾರ ಪಕ್ಕ ಕೂರಬೇಕು, ಯಾರ ಜೊತೆ ಓಡಾಡಿದರೆ ಮರ್ಯಾದೆ, ಎಲ್ಲ ಲೆಕ್ಕ. ಜೇನ್ ಆಸ್ಟಿನ್ 1815ರ 'ಎಮ್ಮಾ' ಕಾದಂಬರಿಯಲ್ಲಿ ಬರೆದ ಹಳ್ಳಿಯೂ ಹಾಗೇ ಇತ್ತು. ಅದಕ್ಕೇ ನಿರ್ದೇಶಕಿ ಏಮಿ ಹೆಕರ್ಲಿಂಗ್ ಆ ಕಥೆಯನ್ನು ಎತ್ತಿ ಅಮೆರಿಕದ ಶ್ರೀಮಂತರ ಊರು ಬೆವರ್ಲಿ ಹಿಲ್ಸ್‌ನ ಶಾಲೆಯಲ್ಲಿಟ್ಟಾಗ ಎಲ್ಲೂ ಹೊಲಿಗೆ ಕಾಣಲಿಲ್ಲ. ಅದು 1995ರ 'ಕ್ಲೂಲೆಸ್'. ಅದರಲ್ಲಿ ಇಬ್ಬರು ಗೆಳತಿಯರು ಮೊಬೈಲ್‌ನಲ್ಲಿ ಮಾತಾಡುತ್ತಲೇ ಬಂದು ಎದುರುಬದುರಾಗುತ್ತಾರೆ. ಆಗ ಅದು ಜೋಕು!

ಎಲ್ಲವೂ ಮುದ್ದಾಗಿಲ್ಲ, ಅದನ್ನೂ ಹೇಳಬೇಕು. 'ಸಿಕ್ಸ್‌ಟೀನ್ ಕ್ಯಾಂಡಲ್ಸ್'ನಲ್ಲಿ ಏಷ್ಯಾದ ಹುಡುಗನ ಹೆಸರು ಬಂದಾಗಲೆಲ್ಲ ಗಂಟೆ ಬಾರಿಸುತ್ತಾರೆ. ಕುಡಿದು ಮೈಮೇಲೆ ಎಚ್ಚರವಿಲ್ಲದ ಹುಡುಗಿಯನ್ನು ಅವಳ ಗೆಳೆಯನೇ ಇನ್ನೊಬ್ಬನ ಜೊತೆ ಕಾರಿನಲ್ಲಿ ಕಳಿಸುತ್ತಾನೆ, ಅದೂ ತಮಾಷೆ ಅಂತೆ. ಆ ಚಿತ್ರದ ನಾಯಕಿ ಮಾಲಿ ರಿಂಗ್‌ವಾಲ್ಡ್ ಅವರೇ 2018ರಲ್ಲಿ 'ದಿ ನ್ಯೂಯಾರ್ಕರ್' ಪತ್ರಿಕೆಯಲ್ಲಿ ಹ್ಯೂಸ್ ಚಿತ್ರಗಳ ಇಂಥ ವಿಷಯಗಳ ಬಗ್ಗೆ ನೇರವಾಗಿ ಬರೆದರು. ನನಗಂತೂ 'ಬ್ರೇಕ್‌ಫಾಸ್ಟ್ ಕ್ಲಬ್' ಕೊನೆಯಲ್ಲಿ ಯಾರ ಜೊತೆಗೂ ಸೇರದೆ ಮೂಲೆಯಲ್ಲಿ ಕೂತಿದ್ದ ಹುಡುಗಿಗೆ ಮೇಕಪ್ ಮಾಡಿ 'ಸರಿ' ಮಾಡುವುದು ಇವತ್ತಿಗೂ ಇಷ್ಟವಾಗುವುದಿಲ್ಲ. ಅವಳು ಮೊದಲೇ ಚೆನ್ನಾಗಿದ್ದಳು, ಅಲ್ವಾ?

[ಪರದೆ: ಖಾಲಿ ತರಗತಿ, ಹಾಜರಿ ಪುಸ್ತಕ.]

ಯಾವುದರಿಂದ ಶುರು ಮಾಡಲಿ ಅಂತ ಕೇಳಿದರೆ, 1986ರ 'ಫೆರಿಸ್ ಬ್ಯೂಲರ್ಸ್ ಡೇ ಆಫ್'. ಒಬ್ಬ ಹುಡುಗ ಹುಷಾರಿಲ್ಲ ಅಂತ ನಾಟಕ ಮಾಡಿ ಶಿಕಾಗೋ ಸುತ್ತುತ್ತಾನೆ. ಶಾಲೆಯ ಕಂಪ್ಯೂಟರ್‌ನಲ್ಲಿ ತನ್ನ ಗೈರುಹಾಜರಿಯನ್ನು 9ರಿಂದ 2ಕ್ಕೆ ಇಳಿಸುತ್ತಾನೆ, ಶಾಲೆಯ ಡೀನ್ ಕಣ್ಣೆದುರೇ. ಕ್ಯಾಮೆರಾ ನೋಡಿ ನಮ್ಮ ಜೊತೆ ಮಾತಾಡುತ್ತಾನೆ. ಕೊನೆಯ ಹೆಸರುಗಳು ಓಡುವಾಗ ಮಾತ್ರ ಬಂದ್ ಮಾಡಬೇಡಿ. ಎಲ್ಲ ಮುಗಿದ ಮೇಲೆ ಅವನು ಮತ್ತೆ ಹೊರಗೆ ಬಂದು, ಇನ್ನೂ ಕೂತಿದ್ದೀರಾ, ಮನೆಗೆ ಹೋಗಿ ಅಂತ ನಮ್ಮನ್ನೇ ಓಡಿಸುತ್ತಾನೆ.