ತೂಕದ ಆಪರೇಷನ್‌ಗೆ ಹೋಗ್ತಾ ಇದೀರಾ? ಹರ್ನಿಯಾ ಅಂತ ಸುಳ್ಳು ಹೇಳ್ಬೇಡಿ

ಎಲ್ರಿಗೂ ನಮಸ್ಕಾರ. ಇವತ್ತಿನ ವಿಷಯ ಬೇರಿಯಾಟ್ರಿಕ್ ಸರ್ಜರಿ, ಅಂದ್ರೆ ತೂಕ ಇಳ್ಸೋಕೆ ಹೊಟ್ಟೆಗೆ ಮಾಡೋ ಆಪರೇಷನ್. ಮಾಡಿಸ್ಬೇಕಾ ಬೇಡ್ವಾ ಅನ್ನೋದು ನಿಮಗೂ ನಿಮ್ಮ ಡಾಕ್ಟರಿಗೂ ಬಿಟ್ಟಿದ್ದು, ಅದಕ್ಕೆ ನಾನು ಕೈ ಹಾಕಲ್ಲ. ಮಾಡಿಸೋದೇ ಅಂತ ಗಟ್ಟಿ ಮಾಡ್ಕೊಂಡೋರು ಹೋಗೋಕೆ ಮುಂಚೆ ಏನು ತಯಾರಿ ಮಾಡ್ಕೋಬೇಕು, ಅದೂ ನಮ್ಮ ಉತ್ತರ ಕನ್ನಡದಲ್ಲಿ ಇರೋರು, ಅಷ್ಟೇ ನನ್ನ ಮಾತು.

ನಮ್ಮ ಕಡೆ ಈ ಆಪರೇಷನ್ ಆದೋರು ಇದಾರೆ, ಆದ್ರೆ ಬಾಯಿ ಬಿಡಲ್ಲ. ಹುಬ್ಬಳ್ಳಿಗೋ ಮಂಗಳೂರಿಗೋ ಬೆಂಗಳೂರಿಗೋ ಹೋಗ್ತಾರೆ, ವಾರ ಬಿಟ್ಟು ಬರ್ತಾರೆ, ಕೇಳಿದ್ರೆ "ಹರ್ನಿಯಾ ಇತ್ತು, ತೆಗೆಸ್ದೆ" ಅಂತಾರೆ, ಇಲ್ಲಾ "ಪಿತ್ತಕೋಶದಲ್ಲಿ ಕಲ್ಲು" ಅಂತಾರೆ. ಯಾಕೆ ಹಂಗೆ ಹೇಳ್ತಾರೆ ಅಂತ ನಂಗೆ ಅರ್ಥ ಆಗತ್ತೆ. "ತಿಂದು ತಿಂದು ಬೆಳ್ಸಿದ್ದು, ಈಗ ದುಡ್ಡು ಕೊಟ್ಟು ಕರಗಿಸ್ಕೊಂಡು ಬಂದ್ಲು" ಅನ್ನೋ ಮಾತು ಬೆನ್ನ ಹಿಂದೆ ಬರತ್ತೆ, ಹೆಂಗಸರಿಗಂತೂ ಮುಖಕ್ಕೇ ಬರತ್ತೆ. ಆದ್ರೂ ನಾನು ಹೇಳೋದು ಇಷ್ಟೇ, ತಯಾರಿಯಲ್ಲಿ ಮೊದಲ ಕೆಲಸ ಈ ಗುಟ್ಟನ್ನ ಬಿಡೋದು. ಊರಿಗೆಲ್ಲ ಡಂಗುರ ಸಾರಿ ಅಂತಲ್ಲ. ಮನೆಯಲ್ಲಿ ಅಡುಗೆ ಮಾಡೋರಿಗೆ, ಊರಲ್ಲಿ ನಿಮ್ಮನ್ನ ನೋಡೋ ಡಾಕ್ಟರಿಗೆ, ರಾತ್ರಿ ಗಾಡಿ ತೆಗಿಯೋರಿಗೆ ಗೊತ್ತಿರ್ಲೇಬೇಕು. ಉಳಿದೋರಿಗೆ ಏನ್ ಬೇಕಾದ್ರೂ ಹೇಳ್ಕೊಳ್ಳಿ.

ಈ ಆಪರೇಷನ್‌ನಲ್ಲಿ ಆಗೋದೇನು ಅಂತ ಸ್ವಲ್ಪ ಹೇಳ್ತೀನಿ, ಆಗ ನಾನ್ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂತ ಗೊತ್ತಾಗತ್ತೆ. ಹೆಚ್ಚು ಮಾಡೋದು ಎರಡು. ಒಂದು ಸ್ಲೀವ್, ಅದರಲ್ಲಿ ಜಠರದ ಸುಮಾರು 75ರಿಂದ 80 ಪರ್ಸೆಂಟ್ ಕತ್ತರಿಸಿ ಹೊರಗೇ ತೆಗೀತಾರೆ, ಉಳಿಯೋದು ಬಾಳೆಕಾಯಿ ಥರ ಒಂದು ಕೊಳವೆ. ಹಸಿವಿನ ಹಾರ್ಮೋನು ಘ್ರೆಲಿನ್ ಹೆಚ್ಚಾಗಿ ಹುಟ್ಟೋ ಭಾಗಾನೂ ಅದರ ಜೊತೆ ಹೋಗತ್ತೆ. ಇನ್ನೊಂದು ಬೈಪಾಸ್, ಜಠರದ ಮೇಲ್ಗಡೆ ಸುಮಾರು 30 ಎಂಎಲ್‌ದು ಒಂದು ಸಣ್ಣ ಚೀಲ ಮಾಡಿ ಕರುಳನ್ನ ಅದಕ್ಕೆ ಜೋಡಿಸ್ತಾರೆ. 30 ಎಂಎಲ್ ಅಂದ್ರೆ ಎರಡು ದೊಡ್ಡ ಚಮಚ ನೀರು. ಇಷ್ಟೆಲ್ಲ ಬದಲಾದ ಹೊಟ್ಟೆ ಇಟ್ಕೊಂಡು ಮನೆಗೆ ಬಂದಿದೀರಿ, ಮನೆಯೋರಿಗೆ ಗೊತ್ತಿರೋದು ಹರ್ನಿಯಾ!

ನಮ್ಮ ಸಂಬಂಧಿಕರಲ್ಲೇ ಒಬ್ರು ಹಿಂಗೇ ಮಾಡಿದ್ರು. ಗಂಡನಿಗೆ ಬಿಟ್ರೆ ಯಾರಿಗೂ ಹೇಳಿರ್ಲಿಲ್ಲ. ತಿಂಗಳು ಕಳೀತು ಅನ್ನೋ ಹೊತ್ತಿಗೆ ಶಿರಸಿ ಹತ್ರ ಒಂದು ಉಪನಯನ, ಹೋಗ್ಲೇಬೇಕು, ಹತ್ರದವರದ್ದು. ಪಂಕ್ತೀಲಿ ಕೂತ್ರು. ಬಾಳೆ ಎಲೆ ಮೇಲೆ ಎರಡು ಚಮಚ ಅನ್ನ, ತಂಬ್ಳಿ ಹಾಕ್ಸ್ಕೊಂಡು ನಿಧಾನಕ್ಕೆ ಕಲಸ್ತಾ ಇದ್ರು. ಹೋಳಿಗೆ ಬಂತು, ಎಲೆ ಮೇಲೆ ಕೈ ಅಡ್ಡ ಇಟ್ರು. ಬಡಿಸೋರು ಬಿಡ್ತಾರಾ, ಅವರು ಪ್ರೀತಿಯಿಂದಾನೇ "ಎಂತೂ ಆಗ್ತಿಲ್ಲೆ, ಒಂದ್ ಚೂರ್ ಹಾಕ್ಯ" ಅಂತ ಹಾಕೇ ಹಾಕಿದ್ರು, ಮೇಲೆ ತುಪ್ಪ. ಅಕ್ಕಪಕ್ಕದವರು ನೋಡ್ತಾ ಇದಾರೆ ಅನ್ನೋ ಸಂಕೋಚಕ್ಕೆ ಅರ್ಧ ತಿಂದ್ರು. ಐದೇ ನಿಮಿಷ, ಎದೆ ಕಟ್ಟಿ, ಬೆವರು ಕಿತ್ತು, ಹಿತ್ಲು ಕಡೆ ಕೈ ತೊಳಿಯೋ ನಲ್ಲಿ ಹತ್ರ ಹೋಗಿ ಬಗ್ಗಿ ನಿಂತ್ರು. ನಾನು ಬೆನ್ನು ಸವರ್ತಾ ಇದ್ದೆ, ಏನಾಯ್ತು ಅಂತ ನಂಗೂ ಗೊತ್ತಿಲ್ಲ, ಯಾರೋ ಓಡಿ ಬಂದು ದೊಡ್ಡ ಲೋಟದಲ್ಲಿ ಶರಬತ್ತು ಕೊಟ್ರು, ಕುಡೀರಿ ಪಿತ್ತ ಆಗಿದೆ ಅಂತ. ಆ ಹೊಟ್ಟೆಗೆ ಒಂದೇ ಸಲಕ್ಕೆ ಅಷ್ಟು ಸಕ್ಕರೆ ನೀರು! ಕೊಟ್ಟೋರದ್ದು ತಪ್ಪಲ್ಲ. ಗೊತ್ತಿದ್ರೆ ಹೋಳಿಗೇನೂ ಬಡಿಸ್ತಿರ್ಲಿಲ್ಲ, ಶರಬತ್ತೂ ಕೊಡ್ತಿರ್ಲಿಲ್ಲ.

ಈಗ ಆಪರೇಷನ್‌ಗೆ ಮುಂಚಿನ ಎರಡು ವಾರಕ್ಕೆ ಬರೋಣ. ಬಹಳಷ್ಟು ಕಡೆ ಸರ್ಜನ್‌ಗಳು ಆಗ ಸ್ಟ್ರಿಕ್ಟ್ ಡಯಟ್ ಕೊಡ್ತಾರೆ, ದಿನಕ್ಕೆ 800ರಿಂದ 1000 ಕ್ಯಾಲೊರಿ, ಪ್ರೋಟೀನ್ ಜಾಸ್ತಿ, ಅನ್ನ ಸಕ್ಕರೆ ಹೆಚ್ಚುಕಮ್ಮಿ ಬಂದ್. "ಹೆಂಗಿದ್ರೂ ಆಪರೇಷನ್ ಆದ್ಮೇಲೆ ತೂಕ ಇಳಿಯತ್ತಲ್ಲ, ಈಗ್ಯಾಕೆ ಉಪವಾಸ" ಅಂತ ಎಷ್ಟೋ ಜನ ಕದ್ದು ತಿಂತಾರೆ. ಅದು ತೂಕಕ್ಕಲ್ಲ ರೀ, ಲಿವರ್‌ಗೆ. ಲಿವರಿನ ಎಡಭಾಗ ಜಠರದ ಮೇಲೇ ಮಲಗಿರತ್ತೆ, ತೂಕ ಜಾಸ್ತಿ ಇರೋರಿಗೆ ಅದರಲ್ಲಿ ಕೊಬ್ಬು ತುಂಬಿ ಊದಿರತ್ತೆ. ಸರ್ಜನ್ ಸಣ್ಣ ತೂತಿನಿಂದ ಕ್ಯಾಮೆರಾ ಬಿಟ್ಟು ಕೆಲ್ಸ ಮಾಡ್ಬೇಕಾದ್ರೆ ಮೊದ್ಲು ಆ ಲಿವರನ್ನ ಎತ್ತಿ ಹಿಡೀಬೇಕು, ಅದು ದಪ್ಪ ಇದ್ರೆ ಜಾಗ ಕಾಣಲ್ಲ, ರಕ್ತ ಬರೋ ಸಾಧ್ಯತೆ ಜಾಸ್ತಿ. ಎರಡು ವಾರ ಅನ್ನ ಸಕ್ಕರೆ ಬಿಟ್ರೆ ಲಿವರಲ್ಲಿ ಕೂತಿರೋ ಗ್ಲೈಕೋಜನ್ನು (ಕೂಡಿಟ್ಟ ಸಕ್ಕರೆ), ಅದರ ಜೊತೆಗಿನ ನೀರು, ಸ್ವಲ್ಪ ಕೊಬ್ಬು ಇಳಿದು ಅದು ಕುಗ್ಗತ್ತೆ. ಅಷ್ಟೇ ಲೆಕ್ಕ.

ಹೇಳೋಕೆ ಅಷ್ಟೇ, ಮಾಡೋಕೆ ನಮ್ಮ ಕಡೆ ಕಷ್ಟ ಇದೆ. ಬೆಳಿಗ್ಗೆ ದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ಅಕ್ಕಿ ಇಲ್ದೆ ದಿನ ಹೋಗಲ್ಲ. ಮನೆಯಲ್ಲಿ ಅಡುಗೆ ಮಾಡೋ ಅಮ್ಮನಿಗೋ ಅತ್ತೆಗೋ ವಿಷಯಾನೇ ಗೊತ್ತಿಲ್ದಿದ್ರೆ ಎರಡು ವಾರ ನೀವು ಏನಂತ ನೆಪ ಹೇಳ್ತೀರಿ? ಕರಾವಳಿ ಮೀನು ತಿನ್ನೋರಿಗೆ ಒಂದು ಅನುಕೂಲ ಇದೆ, 100 ಗ್ರಾಂ ಬಂಗಡೆಯಲ್ಲಿ ಹತ್ತತ್ರ 19 ಗ್ರಾಂ ಪ್ರೋಟೀನ್ ಇದೆ, ಹುರಿಯೋ ಬದ್ಲು ತೆಳ್ಳಗೆ ಸಾರು ಮಾಡಿದ್ರೆ ಆಯ್ತು, ಕಾಯಿ ಕಮ್ಮಿ ಹಾಕಿ. ಘಟ್ಟದ ಮೇಲಿನ ಸಸ್ಯಾಹಾರಿಗಳು ಇನ್ನೂ ಯೋಚ್ನೆ ಮಾಡ್ಬೇಕು. ತಂಬ್ಳಿ, ಅಪ್ಪೆಹುಳಿ, ಹಶಿ ಎಲ್ಲಾ ರುಚಿ, ಹೊಟ್ಟೆಗೆ ತಂಪು, ಆದ್ರೆ ಪ್ರೋಟೀನ್ ಎಲ್ಲಿದೆ? ಆಪರೇಷನ್ ಆದ್ಮೇಲೆ ದಿನಕ್ಕೆ ಕಮ್ಮಿ ಅಂದ್ರೂ 60 ಗ್ರಾಂ ಬೇಕು. ಒಂದು ಲೋಟ ಹಾಲಲ್ಲಿ ಆರೇಳು ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ. ಆ ಪುಟ್ಟ ಹೊಟ್ಟೆಗೆ ಅಷ್ಟು ಸೇರಿಸ್ಬೇಕು ಅಂದ್ರೆ ಪನೀರು, ಗಟ್ಟಿ ಮೊಸರು, ಬೇಳೆ, ಡಯಟಿಷಿಯನ್ ಹೇಳಿದ ಪ್ರೋಟೀನ್ ಪುಡಿ ಎಲ್ಲಾ ಬೇಕಾಗತ್ತೆ. ಅದನ್ನ ಮೊದ್ಲೇ ತಂದು ಕುಡಿದು ನೋಡಿ, ಕೆಲವರಿಗೆ ಅದರ ವಾಸನೇನೇ ಆಗಲ್ಲ.

ಇನ್ನೊಂದು, ನಿಧಾನ ತಿನ್ನೋದನ್ನ ಈಗಲೇ ರೂಢಿ ಮಾಡ್ಕೊಳ್ಳಿ. ಸಣ್ಣ ತುತ್ತು, ಬಾಯಲ್ಲೇ ನುರಿಯೋ ತನಕ ಅಗಿಯೋದು, ಊಟದ ಜೊತೆ ನೀರು ಕುಡೀದೇ ಇರೋದು, ಊಟ ಆಗಿ ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯೋದು. ಊಟದ ಎಡಗಡೆ ನೀರಿನ ಲೋಟ ಇಟ್ಕೊಂಡೇ ಬೆಳೆದೋರು ನಾವು, ಆಸ್ಪತ್ರೆಯಿಂದ ಬಂದ ದಿನ ಕಲಿಯೋಕೆ ಕೂತ್ರೆ ಆಗಲ್ಲ.

ಕವಳದ, ಅಂದ್ರೆ ಎಲೆ ಅಡಿಕೆಯ, ವಿಷಯ ನಮ್ಮ ಜಿಲ್ಲೆಯೋರು ಗಮನ ಇಟ್ಟು ಕೇಳ್ಬೇಕು. ಹೊರಗಿನ ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳ್ತಾರೆ, ಸ್ಮೋಕ್ ಮಾಡ್ತೀರಾ? ಇಲ್ಲ. ಡ್ರಿಂಕ್ಸ್? ಇಲ್ಲ. ಮುಗೀತು, ಟಿಕ್ ಹಾಕ್ತಾರೆ. ಕವಳ ಹಾಕ್ತೀರಾ ಅಂತ ಅವರು ಕೇಳಲ್ಲ, ಕವಳ ಅಂದ್ರೇನು ಅಂತಾನೇ ಅವರಿಗೆ ಗೊತ್ತಿರಲ್ಲ. ಇವರು ದಿನಕ್ಕೆ ಆರೇಳು ಸಲ ಎಲೆ, ಅಡಿಕೆ, ಸುಣ್ಣದ ಜೊತೆ ತಂಬಾಕಿನ ಎಸಳು ಹಾಕೋರು! ನಿಕೋಟಿನ್ ಹೊಗೆಯಲ್ಲಿ ಬಂದ್ರೂ ಅಷ್ಟೇ, ಎಲೆಯಲ್ಲಿ ಬಂದ್ರೂ ಅಷ್ಟೇ, ರಕ್ತನಾಳ ಬಿಗಿ ಮಾಡತ್ತೆ, ಹೊಲಿಗೆ ಹಾಕಿದ ಜಾಗ ಮಾಯೋಕೆ ಬಿಡಲ್ಲ. ಬೈಪಾಸ್ ಆದೋರಿಗೆ ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣಾಗೋಕೆ ತಂಬಾಕು ಒಂದು ದೊಡ್ಡ ಕಾರಣ. ಕಮ್ಮಿ ಅಂದ್ರೂ ಆರು ವಾರ ಮುಂಚೆ ಬಿಡ್ಬೇಕು, ಮತ್ತೆ ಮುಟ್ಟಬಾರ್ದು. ಮನೆಗೆ ಬಂದೋರ ಮುಂದೆ ಕವಳದ ಬಟ್ಲು ಇಡೋದು ನಮ್ಮ ಮರ್ಯಾದೆ, ಗೊತ್ತು, ಆದ್ರೆ ಆ ಬಟ್ಲು ಒಂದಷ್ಟು ತಿಂಗಳು ಕಣ್ಣಿಗೆ ಕಾಣದ ಕಡೆ ಇರ್ಲಿ, ಡಾಕ್ಟರಿಗೆ ನೀವಾಗೇ ಬಾಯಿ ಬಿಟ್ಟು ಹೇಳಿ.

ಊರಿನ ಡಾಕ್ಟರಿಗೆ ಯಾಕೆ ಹೇಳ್ಬೇಕು ಅಂದ್ರೆ ಎರಡು ಕಾರಣ, ಎರಡೂ ಗಂಭೀರ. ತೂಕ ಇರೋರಿಗೆ ಮಂಡಿನೋವು ಇದ್ದೇ ಇರತ್ತೆ, ಕ್ಲಿನಿಕ್‌ಗೆ ಹೋದ್ರೆ ಡೈಕ್ಲೋಫೆನಾಕ್ ಇಂಜೆಕ್ಷನ್ನೋ ಮಾತ್ರೆಯೋ ಕೊಡ್ತಾರೆ, ಬೈಪಾಸ್ ಆಗಿರೋ ಹೊಟ್ಟೆಗೆ ಅಂಥ ಪೇನ್ ಕಿಲ್ಲರ್ ಅಂದ್ರೆ ಹುಣ್ಣಿಗೆ ದಾರಿ. ಎರಡನೇದು ಇದಕ್ಕಿಂತ ಕೆಟ್ಟದ್ದು. ಆಪರೇಷನ್ ಆಗಿ ಕೆಲವು ವಾರದಲ್ಲಿ ಕೆಲವರಿಗೆ ವಾಂತಿ ನಿಲ್ಲಲ್ಲ, ಆಗ ದೇಹದಲ್ಲಿ ವಿಟಮಿನ್ ಬಿ1, ಅಂದ್ರೆ ಥಯಮಿನ್, ಖಾಲಿ ಆಗ್ತಾ ಬರತ್ತೆ. ವಿಷಯ ಗೊತ್ತಿಲ್ಲದ ಡಾಕ್ಟರು ಸುಸ್ತಾಗಿದೆ ಅಂತ ಗ್ಲೂಕೋಸ್ ಡ್ರಿಪ್ ಏರಿಸ್ತಾರೆ. ಥಯಮಿನ್ ಕೊಡದೇ ಬರೀ ಗ್ಲೂಕೋಸ್ ಕೊಟ್ರೆ ಇರೋ ಚೂರೂ ಖರ್ಚಾಗಿ ಮೆದುಳಿಗೇ ಪೆಟ್ಟು ಬೀಳಬಹುದು, ಕಣ್ಣು ಅದುರೋದು, ನಡಿಗೆ ತಪ್ಪೋದು, ಮರೆವು. "ಸರ್ಜರಿ ಆಗಿದೆ, ಮೊದ್ಲು ಥಯಮಿನ್ ಕೊಡಿ" ಅಂತ ಒಂದು ಮಾತು ಹೇಳೋರು ಪಕ್ಕದಲ್ಲಿ ಇದ್ರೆ ಸಾಕು. ನಿಮ್ಮ ಸರ್ಜನ್ ಹತ್ರ ಯಾವ ಆಪರೇಷನ್, ಯಾವತ್ತು, ಏನು ಕೊಡಬಾರ್ದು, ಯಾರಿಗೆ ಫೋನ್ ಮಾಡ್ಬೇಕು ಅಂತ ಒಂದು ಹಾಳೆಯಲ್ಲಿ ಬರೆಸ್ಕೊಂಡು ಒಂದು ಪ್ರತಿ ಊರಿನ ಡಾಕ್ಟರಿಗೆ ಕೊಡಿ, ಒಂದು ಪರ್ಸಲ್ಲಿ ಇಟ್ಕೊಳ್ಳಿ.

ಆಮೇಲೆ ದಾರಿ. ದೊಡ್ಡ ಆಸ್ಪತ್ರೆ ಬೇಕು ಅಂತ ಈ ಜಿಲ್ಲೆಯ ಜನ ಎಷ್ಟು ವರ್ಷದಿಂದ ಕೇಳ್ತಾ ಇದೀವಿ, ನಿಮಗೇ ಗೊತ್ತು. ಶಿರಸಿಯಿಂದ ಹುಬ್ಬಳ್ಳಿ ಅಂದ್ರೆ 100 ಕಿಲೋಮೀಟರ್, ಕಾರವಾರದಿಂದ ಮಂಗಳೂರಿಗೆ 270ರ ಹತ್ರ. 2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸಿದು ಹೈವೇ ದಿನಗಟ್ಟಲೆ ಬಂದ್ ಆಯ್ತು, ಮೂರು ವಾರ ಕಳೀತಿದ್ದ ಹಾಗೇ ಆಗಸ್ಟ್ 7ಕ್ಕೆ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಆ ದಿನಗಳಲ್ಲಿ ಯಾರಾದ್ರೂ ಹೊಸದಾಗಿ ಆಪರೇಷನ್ ಮಾಡಿಸ್ಕೊಂಡು ಮನೆಗೆ ಬಂದಿದ್ರೆ? ಹೊಲಿಗೆ ಜಾಗ ಸೋರೋದು ಅಪರೂಪ, ಆದ್ರೆ ಆಯ್ತು ಅಂದ್ರೆ ಹೆಚ್ಚಾಗಿ ಮೊದಲ ಕೆಲವು ವಾರದಲ್ಲೇ ಆಗತ್ತೆ. ನಾಡಿ 120 ದಾಟಿ ಇಳೀದೇ ಇರೋದು, ಜ್ವರ, ಹೊಟ್ಟೆನೋವು ಏರ್ತಾ ಹೋಗೋದು, ಎಡ ಭುಜ ನೋಯೋದು, ಉಸಿರು ಕಟ್ಟೋದು, ಒಂದು ಕಾಲು ಮಾತ್ರ ಊದೋದು, ಇದರಲ್ಲಿ ಒಂದು ಕಂಡ್ರೂ ಬೆಳಗಾಗ್ಲಿ ಅಂತ ಕಾಯಬಾರ್ದು. ಅದಕ್ಕೇ ನಾನು ಹೇಳೋದು, ಸರ್ಜನ್ ಬೇರೆ ಕಾರಣಕ್ಕೆ ಅವಸರ ಮಾಡ್ತಿಲ್ಲ ಅಂದ್ರೆ ಮಳೆಗಾಲದಲ್ಲಿ ಡೇಟ್ ತಗೋಬೇಡಿ. ದೀಪಾವಳಿ ಕಳೀಲಿ. ಆಪರೇಷನ್ ಆದ್ಮೇಲೂ ಹತ್ತು ಹದಿನೈದು ದಿನ ಆ ಊರಲ್ಲೇ ನೆಂಟರ ಮನೆಯೋ ರೂಮೋ ನೋಡ್ಕೊಂಡು ಇರೋ ಹಂಗಾದ್ರೆ ಇರಿ, ದುಡ್ಡು ಸ್ವಲ್ಪ ಜಾಸ್ತಿ ಆಗತ್ತೆ, ಆಗ್ಲಿ.

ದುಡ್ಡಿನ ಮಾತು ಬಂತಲ್ಲ, ಇನ್ಶೂರೆನ್ಸ್. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಏಷ್ಯಾದವರಿಗೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ) 27.5ರಿಂದಲೇ ಸರ್ಜರಿ ಪರಿಗಣಿಸಬಹುದು ಅಂತಿದೆ, ಆದ್ರೆ ನಮ್ಮ ದೇಶದ ಇನ್ಶೂರೆನ್ಸ್ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ನಿಯಮದಲ್ಲಿ 18 ವರ್ಷ ದಾಟಿ ಬಿಎಂಐ 40 ಇರ್ಬೇಕು, ಇಲ್ಲಾ 35ರ ಜೊತೆ ಹತೋಟಿಗೆ ಬರದ ಶುಗರ್, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರೋದು), ಹೃದಯದ ಕಾಯಿಲೆ ಇಂಥದ್ದು ಇರ್ಬೇಕು. ಡಾಕ್ಟರು ಆಗತ್ತೆ ಅಂದ ಮಾತ್ರಕ್ಕೆ ಕ್ಲೇಮ್ ಆಗತ್ತೆ ಅಂತಲ್ಲ. ಅಡ್ಮಿಟ್ ಆಗೋಕೆ ಮುಂಚೆ ಅಪ್ರೂವಲ್ ಬರಹದಲ್ಲಿ ತಗೊಳ್ಳಿ.

ಮಾತ್ರೆಗಳ ಚೀಲ ಹಂಗೇ ಎತ್ಕೊಂಡು ಹೋಗಿ ಡಾಕ್ಟರ ಮುಂದೆ ಸುರೀರಿ. ಶುಗರಿಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತಗೊಳ್ಳೋರು ಅದನ್ನ ಆಪರೇಷನ್‌ಗೆ ಮೂರು ದಿನ ಮುಂಚೆ ನಿಲ್ಲಿಸ್ಬೇಕಾಗತ್ತೆ, ಎರಡು ವಾರದ ಡಯಟಲ್ಲೇ ಶುಗರ್ ಇಳಿಯೋದ್ರಿಂದ ಇನ್ಸುಲಿನ್ನೂ ಕಮ್ಮಿ ಮಾಡ್ಬೇಕಾಗಬಹುದು, ಎಲ್ಲಾ ಅವರು ಹೇಳಿದ ಹಾಗೆ, ನೀವಾಗೇ ಅಲ್ಲ. 2025ರಲ್ಲಿ ಇಲ್ಲಿಗೆ ಬಂದ, ತೂಕ ಇಳ್ಸೋ ಮೌಂಜಾರೊ, ವೆಗೋವಿ ಇಂಜೆಕ್ಷನ್ ಈಗಾಗ್ಲೇ ತಗೊಳ್ತಿದ್ರೆ ಅರಿವಳಿಕೆ ಡಾಕ್ಟರಿಗೆ ಹೇಳ್ಲೇಬೇಕು, ಅದರಿಂದ ಹೊಟ್ಟೆ ಖಾಲಿ ಆಗೋದು ನಿಧಾನ ಆಗತ್ತೆ. ಗೊರಕೆ ಜೋರಿದ್ರೆ ನಿದ್ದೆಯ ಟೆಸ್ಟ್ ತಪ್ಪಿಸ್ಬೇಡಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ತೂಕ ಇಳಿದ ಹಾಗೆ ಪಿಸಿಓಡಿ (ಮುಟ್ಟು ಏರುಪೇರು ಮಾಡೋ ಅಂಡಾಶಯದ ತೊಂದರೆ) ಇರೋರಿಗೂ ಗರ್ಭ ನಿಲ್ಲೋ ಸಾಧ್ಯತೆ ಹೆಚ್ಚತ್ತೆ, ಆದ್ರೆ ಒಂದರಿಂದ ಒಂದೂವರೆ ವರ್ಷ ಬಸಿರು ಬೇಡ ಅಂತಾರೆ. ಸೊಸೆ ತೆಳ್ಳಗಾದ್ಲು, ಇನ್ನು ಸಿಹಿಸುದ್ದಿ ಯಾವಾಗ ಅಂತ ಮನೆಯಲ್ಲಿ ಶುರು ಆಗೋದೇ ಆ ಹೊತ್ತಿಗೆ. ಗಂಡ ಆದೋರು ಆ ಮಾತಿಗೆ ಉತ್ತರ ಕೊಡೋಕೆ ತಯಾರಿರಿ, ಅದನ್ನ ಅವಳೊಬ್ಬಳ ಮೇಲೆ ಬಿಡ್ಬೇಡಿ. ಮೂರು ನಾಲ್ಕು ತಿಂಗಳಿಗೆ ಕೂದಲು ಉದುರತ್ತೆ, ಹೆಚ್ಚಿನವರಿಗೆ ವಾಪಸ್ ಬರತ್ತೆ, ಅದನ್ನೂ ಅವಳಿಗೆ ಮೊದ್ಲೇ ಹೇಳಿ.

ಕೊನೇದಾಗಿ, ಡೇಟ್ ಫಿಕ್ಸ್ ಮಾಡೋಕೆ ಮುಂಚೆ ಸರ್ಜನ್‌ಗೆ ಒಂದು ಪ್ರಶ್ನೆ ಕೇಳಿ. ಮೊದಲ ವರ್ಷ ಮೂರು, ಆರು, ಹನ್ನೆರಡು ತಿಂಗಳಿಗೆ, ಆಮೇಲೆ ವರ್ಷಕ್ಕೊಂದು ಸಲ ಬಿ12, ಕಬ್ಬಿಣ, ವಿಟಮಿನ್ ಡಿ, ಕ್ಯಾಲ್ಸಿಯಂ ನೋಡಿಸ್ಬೇಕಲ್ಲ, ಅದನ್ನ ಕುಮಟೆಯಲ್ಲೋ ಶಿರಸಿಯಲ್ಲೋ ಲ್ಯಾಬಲ್ಲಿ ಮಾಡಿಸಿ ರಿಪೋರ್ಟ್ ಕಳಿಸಿದ್ರೆ ಫೋನಲ್ಲಿ ನೋಡಿ ಹೇಳ್ತೀರಾ, ರಾತ್ರಿ ಎಮರ್ಜೆನ್ಸಿ ಆದ್ರೆ ಯಾವ ನಂಬರಿಗೆ ಮಾಡ್ಲಿ ಅಂತ. ಇದಕ್ಕೆ ಸರಿಯಾಗಿ ಉತ್ತರ ಕೊಡದೇ ಬರೀ ಪ್ಯಾಕೇಜ್ ರೇಟ್ ಹೇಳೋ ಕಡೆ ನೀವು ಆಪರೇಷನ್ ಮಾಡಿಸ್ಬೇಡಿ, ಇನ್ನೊಂದು ಕಡೆ ವಿಚಾರಿಸಿ.