ಜಾಗ ತಪ್ಪಿದ ಪರಮಾಣು

ಕೇಳುಗರಿಗೆ ನಮಸ್ಕಾರ. ಪೆರ್ಲ, ಬದಿಯಡ್ಕ, ಮಂಜೇಶ್ವರದ ಮನೆಗಳಲ್ಲಿ ಅಡಿಕೆ ಸುಲಿಯುತ್ತ ರೇಡಿಯೋ ಕೇಳುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತೇನೆ.

ಅಣುಸ್ಥಾವರದ ಲೋಹಗಳ ಕೆಲಸದಲ್ಲಿದ್ದವನು ನಾನು ಎಂದರೆ ಊರಿನವರು ಕೇಳುವುದು ಒಂದೇ: ವಿಕಿರಣದಿಂದ ಮನುಷ್ಯನಿಗೆ ಏನಾಗುತ್ತದೆ? ಕೇಳಬೇಕಾದ್ದೇ. ಆದರೆ ಆ ವಿಕಿರಣದ ನಡುವೆ ಹಗಲಿರುಳು, ವರ್ಷಗಟ್ಟಲೆ ಇರುವ ಕೊಳವೆಗೆ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಮನುಷ್ಯನನ್ನು ಕಾಯುವುದು ಆ ಕೊಳವೆಯೇ ಅಲ್ಲವೇ?

ಲೋಹದಲ್ಲಿ ಪರಮಾಣುಗಳು ಸಾಲಾಗಿ, ಕ್ರಮವಾಗಿ ಕೂತಿರುತ್ತವೆ. ಒಂದನ್ನು ಕದಲಿಸಲು ಸುಮಾರು 40 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು; ಪರಮಾಣುಗಳ ಶಕ್ತಿಯನ್ನು ಅಳೆಯುವ ಪುಟ್ಟ ಮಾನ ಅದು. ಯುರೇನಿಯಂ ಒಡೆದಾಗ ಹಾರಿಬರುವ ನ್ಯೂಟ್ರಾನ್ ಎಂಬ ಕಣದಲ್ಲಿ ಸರಾಸರಿ 20 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಇರುತ್ತದೆ! ಗುದ್ದಿದರೆ ಪರಮಾಣು ಜಾಗ ತಪ್ಪುತ್ತದೆ, ಅದು ಹೋಗಿ ಪಕ್ಕದ್ದನ್ನು ಗುದ್ದುತ್ತದೆ. ಹೆಚ್ಚಿನವು ಕ್ಷಣದಲ್ಲಿ ಮತ್ತೆ ಸಾಲಿಗೆ ಸೇರುತ್ತವೆ. ಸೇರದೆ ಉಳಿದವುಗಳಿಂದಲೇ ತೊಂದರೆ. ಪರಮಾಣು ಜಾಗ ತಪ್ಪುತ್ತದೆ, ಇಷ್ಟು ನೆನಪಿಟ್ಟರೆ ಸಾಕು.

ನಮ್ಮ ಮನೆಗೆ ನೀರು ಬರುತ್ತಿದ್ದದ್ದು ಗುಡ್ಡದ ಸುರಂಗದಿಂದ, ಅಡಿಕೆ ಮರದ ದಂಬೆಯಲ್ಲಿ, ಅಂದರೆ ಮರ ಸೀಳಿ ಮಾಡಿದ ನೀರಿನ ದೋಣಿಯಲ್ಲಿ. ದಂಬೆ ಉದ್ದ, ಅಲ್ಲಲ್ಲಿ ಕವೆಗೂಟದ ಆಸರೆ. ಹೊಸ ದಂಬೆ ನೆಟ್ಟಗಿರುತ್ತದೆ. ನೀರಿನ ಭಾರಕ್ಕೆ ವರ್ಷ ಕಳೆದಂತೆ ನಡು ಜಗ್ಗುತ್ತದೆ. ಒಂದು ಮಳೆಗಾಲದಲ್ಲಿ ಒಂದು ಕವೆ ಸರಿದದ್ದು ಯಾರ ಗಮನಕ್ಕೂ ಬರಲಿಲ್ಲ. ನೀರು ಬರುತ್ತಲೇ ಇತ್ತಲ್ಲ! ದಂಬೆಯ ನಡು ಇಳಿದು ಇಳಿದು ತಂಪು ಮಣ್ಣಿಗೆ ತಾಗಿತು. ತಾಗಿದ ಜಾಗಕ್ಕೇ ಒರಲೆ, ಅಂದರೆ ಗೆದ್ದಲು, ಹತ್ತಿತು. ಮೇಲಿನಿಂದ ನೋಡಿದರೆ ಗಟ್ಟಿ ದಂಬೆ, ಅಡಿಯಲ್ಲಿ ಪೊಳ್ಳು. ಒಂದು ಬೆಳಿಗ್ಗೆ ಅಲ್ಲೇ ಮುರಿಯಿತು. ಅಜ್ಜ ಮುರಿದ ದಂಬೆಯನ್ನು ಮುಟ್ಟಲಿಲ್ಲ. ಮೊದಲು ಹೋಗಿ ಉಳಿದ ಕವೆಗಳನ್ನೆಲ್ಲ ಒಂದೊಂದಾಗಿ ಅಲುಗಿಸಿ ನೋಡಿದರು.

ಕೆನಡಾದ ಪಿಕರಿಂಗ್ ಸ್ಥಾವರದ ಎರಡನೇ ಘಟಕದಲ್ಲಿ 1983ರ ಆಗಸ್ಟ್ 1ರಂದು ಆದದ್ದೂ ಇದೇ. ಅಲ್ಲಿ ದಂಬೆ ಎಂದರೆ ಜಿರ್ಕೋನಿಯಂ ಮಿಶ್ರಲೋಹದ ಕೊಳವೆ. ಒಳಗೆ ಇಂಧನ, ಕುದಿಬಿಸಿ ಭಾರಜಲ, ಅಂದರೆ ಭಾರದ ಜಲಜನಕವಿರುವ ನೀರು. ಹೊರಗೆ ಇನ್ನೊಂದು ತಣ್ಣಗಿನ ಕೊಳವೆ. ಎರಡೂ ತಾಗದಂತೆ ನಡುವೆ ಸುರುಳಿ ಬಳೆಗಳು, ಅವೇ ಕವೆಗಳು. ಬಿಸಿ, ಭಾರ, ಜೊತೆಗೆ ನ್ಯೂಟ್ರಾನಿನ ಗುದ್ದು. ಪರಮಾಣು ಜಾಗ ತಪ್ಪುತ್ತ ತಪ್ಪುತ್ತ ಕೊಳವೆ ಜಗ್ಗಿತು. ಬಳೆ ಸರಿದಿತ್ತು. ಬಿಸಿ ಕೊಳವೆ ತಣ್ಣಗಿನದಕ್ಕೆ ತಾಗಿತು. ಲೋಹದೊಳಗೆ ಸೇರಿದ್ದ ಜಲಜನಕ ತಂಪು ಕಂಡಲ್ಲಿಗೆ ಓಡಿಬಂದು ಗುಳ್ಳೆಗಟ್ಟಿತು. ಆ ಗುಳ್ಳೆ ಗಾಜಿನ ಹಾಗೆ ಪೆಡಸು. ಕೊಳವೆ ಎರಡು ಮೀಟರಿನಷ್ಟು ಉದ್ದಕ್ಕೆ ಸೀಳಿತು. ಸ್ಥಾವರವನ್ನು ಸುರಕ್ಷಿತವಾಗಿ ನಿಲ್ಲಿಸಿದರು. ಆಮೇಲೆ ಕೊಳವೆಗಳನ್ನೆಲ್ಲ ಬದಲಿಸಿದರು.

ನಮ್ಮಲ್ಲೂ ಪಾಠ ಕಲಿತರು. ರಾಜಸ್ಥಾನದ ಎರಡನೇ ಘಟಕದ 306 ಕೊಳವೆಗಳನ್ನು ತೆಗೆದು ಜಿರ್ಕೋನಿಯಂ-ನಿಯೋಬಿಯಂ ಕೊಳವೆ ಹಾಕಿ 1998ರಲ್ಲಿ ಮತ್ತೆ ನಡೆಸಿದರು. ಕಾಳಿ ನದಿ ದಡದ ಕೈಗಾದಲ್ಲಿ, ನಮಗೆ ಹತ್ತಿರದ ಸ್ಥಾವರ ಅದು, ಘಟಕಕ್ಕೆ 306ರಂತೆ ಇಂಥವೇ ಕೊಳವೆಗಳಿವೆ. ಅವುಗಳ ಜಗ್ಗು, ಉದ್ದ, ಜಲಜನಕವನ್ನು ಅಳೆಯುವ ಕೆಲಸ ನಿಲ್ಲುವಂಥದ್ದಲ್ಲ. ಸ್ಥಾವರ ನಿಲ್ಲಿಸಿ ಪರೀಕ್ಷೆ ಮಾಡಿದರೆ ಪತ್ರಿಕೆಯವರು ‘ಉತ್ಪಾದನೆ ಸ್ಥಗಿತ’ ಎಂದು ಬರೆಯುತ್ತಾರೆ. ನನಗೆ ಸಂಕಟವಾಗುತ್ತದೆ. ಕವೆ ನೋಡಲು ಹೋದ ಅಜ್ಜನನ್ನು ಕೆಲಸಗೇಡಿ ಎಂದು ಕರೆಯುತ್ತೀರಾ?

ಹೊತ್ತು ಆಗುತ್ತ ಬಂತು. ಉಕ್ಕಿನ ಬಗ್ಗೆ ಬೇಗ ಹೇಳುತ್ತೇನೆ. ಕೂಡಂಕುಳಂ ಥರದ ಸ್ಥಾವರದಲ್ಲಿ ಇಡೀ ಇಂಧನ ಒಂದೇ ದಪ್ಪ ಉಕ್ಕಿನ ಪಾತ್ರೆಯೊಳಗೆ. ಅಲ್ಲಿಯೂ ಪರಮಾಣು ಜಾಗ ತಪ್ಪುತ್ತದೆ. ಉಕ್ಕು ಗಡುಸಾಗುತ್ತದೆ, ಬಳುಕುವ ಗುಣ ಕಳೆದುಕೊಳ್ಳುತ್ತದೆ. ಉಕ್ಕಿನಲ್ಲಿ ತಾಮ್ರದ ಅಂಶ ಇದ್ದರೆ ಇನ್ನೂ ಬೇಗ. ಅದಕ್ಕೇ ಅದೇ ಉಕ್ಕಿನ ಸಣ್ಣ ತುಂಡುಗಳನ್ನು ಪಾತ್ರೆಯೊಳಗೇ ಇಟ್ಟು, ಕೆಲವು ವರ್ಷಕ್ಕೊಮ್ಮೆ ಹೊರತೆಗೆದು, ಸುತ್ತಿಗೆಯಿಂದ ಹೊಡೆದು ಮುರಿದು ನೋಡುತ್ತಾರೆ. ಪಾತ್ರೆಯ ವಯಸ್ಸನ್ನು ಆ ತುಂಡು ಹೇಳುತ್ತದೆ. ನಮಸ್ಕಾರ.